ದಿಂಬಿಟ್ಟ ಜಾಗ

ಹಲೋ... ಯಾರು, ಅಳಿಯಂದಿರಾ? ದನಿ ಗುರುತೇ ಸಿಗ್ಲಿಲ್ಲ ನೋಡಿ. ನಾನು, ಮಾವ. ಹೆಣ್ಣು ಕೊಟ್ಟೋನು...

ಇಲ್ಲ ಇಲ್ಲ, ಮಗೂಗೆ ಏನೂ ಆಗಿಲ್ಲ. ನನ್ನ ಫೋನ್ ಬಂತು ಅಂದ ತಕ್ಷಣ ಎದೆ ಹಿಡ್ಕೋಬೇಡಿ. ಈಗ ತಾನೇ ಎದ್ದು ಕೈಕಾಲು ಆಡಿಸ್ತಿದೆ. ಕೈ ಅಂದ್ರೆ... ಎಡಗೈ. ಬಲಗೈ ಹಾಗೇ ಇದೆ, ಸುಳ್ಳು ಯಾಕೆ ಹೇಳ್ಲಿ. ನೀವೆಲ್ಲಿದ್ದೀರಿ?...

ಅಂಗಡೀಲೇ? ಇನ್ನೂ? ಹಾಂ. ಗಾಜು ಕತ್ತರಿಸೋದು ಬಾಕಿ ಇದೆ... ಇರ್ಲಿ ಇರ್ಲಿ. ಮಿಷಿನ್ ಸದ್ದೇ ಇಲ್ವಲ್ಲ ಅಂತ ಕೇಳ್ದೆ, ಅಷ್ಟೆ...

ನಾನಾ? ಅಡುಗೆಮನೇಲಿ ನಿಂತಿದೀನಿ. ಮಗಳು ಒಳಗೆ ಮಗೂಗೆ ವ್ಯಾಯಾಮ ಮಾಡಿಸ್ತಿದ್ದಾಳೆ. ಹೆರಿಗೇಲಿ ಭುಜ ಸಿಕ್ಕಿಹಾಕ್ಕೊಂಡು ನರ ಎಳೆದುಹೋಯ್ತು, ತಿಂಗಳುಗಟ್ಟಲೆ ಆಡಿಸ್ಬೇಕು, ಆಮೇಲೆ ನೋಡೋಣ ಅಂದ್ರು ಡಾಕ್ಟರಮ್ಮ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಅವಳು ಹೇಗೆ ಆಡಿಸ್ತಾಳೆ ಅಂತ ನೋಡಿದೀರಾ?...

ನೋಡಿಲ್ಲ. ಅಲ್ವಾ? ಒಬ್ರು ಮಗೂನ ಎದೆಗೆ ಒರಗಿಸ್ಕೊಂಡು ಕೂರ್ಬೇಕು, ಇನ್ನೊಬ್ರು ಆ ಕೈ ಮೆಲ್ಲಗೆ ಎತ್ತಿಸ್ಬೇಕು. ಆಸ್ಪತ್ರೇಲಿ ಕಲಿಸಿದ್ದು ಹಾಗೆ. ನಾನು ಕೂರೋಣ ಅಂದ್ರೆ ನನ್ನ ಕೈ ನಡುಗುತ್ತೆ. ಅದಕ್ಕೆ ದಿಂಬಿಗೆ ಒರಗಿಸಿ ಒಬ್ಳೇ ಮಾಡಿಸ್ತಾಳೆ. ನಿಮ್ಮ ಜಾಗದಲ್ಲಿ ದಿಂಬಿದೆ, ಅಳಿಯಂದಿರೇ...

ಕೋಪ ಬಂತಾ? ಬರ್ಲಿ. ನನ್ನ ಬಾಯಿ ಇರೋದೇ ಹೀಗೆ...

ಏನು? ಅವಳು ಚೆನ್ನಾಗೇ ಇದ್ದಾಳಾ? ಯಾರು ಹೇಳಿದ್ರು, ಅವಳೇನಾ? ನಿಮ್ಮೆದುರು ನಗ್ತಾಳೆ. ನೀವು ಬಚ್ಚಲಿಗೆ ಹೋದ್ರೆ ಸಾಕು, ಮುಖ ಗೋಡೆ ಕಡೆ. ನಿಮ್ಮಿಬ್ರಿಗೂ ಯಾರ ಹತ್ರಾನಾದ್ರೂ ಮನಸ್ಸು ಬಿಚ್ಚಿ ಮಾತಾಡಿ ಅಂದಿದ್ರು ಡಾಕ್ಟರಮ್ಮ. ಇಬ್ರೂ ಹೂಂ ಅಂದ್ರಿ. ಇಬ್ರೂ ಬಾಯಿ ಹೊಲ್ಕೊಂಡ್ರಿ. ಮೊನ್ನೆ ನನ್ನ ಕೇಳ್ತಾಳೆ, 'ಅಪ್ಪಾ, ನಾನು ಸರಿಯಾಗಿ ಹೆರಲಿಲ್ಲ ಅಂತಾನಾ ಅವರು ಮಗೂನ ಎತ್ಕೊಳ್ಳದೇ ಇರೋದು?'...

ಹಲೋ?... ಇದ್ದೀರಾ?...

ಹಾಂ. ಹೇಳಿ... ನಿಧಾನಕ್ಕೆ ಹೇಳಿ...

ಮಗೂನ ಎತ್ಕೊಳ್ಳೋಕೆ ಹೆದರಿಕೇನಾ? ಆಳೆತ್ತರದ ಗಾಜು ಹೊತ್ಕೊಂಡು ಮೂರು ಮಹಡಿ ಹತ್ತೋರು ನೀವು...

ಗಾಜು ಒಡೆದ್ರೆ ಇನ್ನೊಂದು ತರಬಹುದು, ಮಗು ಹಾಗಲ್ಲ ಅಂತೀರಾ... ಹಾಂ...

ಇದನ್ನ ಅವಳಿಗೆ ಹೇಳಿದೀರಾ? ಇಲ್ವಾ? ಮತ್ತೆ ನನಗ್ಯಾಕೆ ಹೇಳ್ತೀರಿ? ನಾನೇನು ನಿಮ್ಮನ್ನ ಕಟ್ಕೊಂಡಿದೀನಾ?...

ನಗ್ಬೇಡಿ, ಕೇಳಿ. ನಾನು ಕಂಡಕ್ಟರಾಗಿದ್ದಾಗ ಕೊನೇ ಸ್ಟಾಪ್ ಬಂದ್ರೂ ಕೆಲವರು ಇಳೀತಿರ್ಲಿಲ್ಲ. ನಿದ್ದೆ ಅಲ್ಲ, ಕಣ್ಣು ಬಿಟ್ಕೊಂಡೇ ಕೂತಿರೋರು. ಡ್ರೈವರ್ ಬಯ್ಯೋನು. ನಾನು ಹೋಗಿ ಪಕ್ಕದಲ್ಲಿ ಸುಮ್ನೆ ಕೂತ್ಕೊಳ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರಾಗೇ ಎದ್ದು ಹೋಗೋರು. ಈಗ ಈ ಮೊಣಕಾಲಲ್ಲಿ ಮೆಟ್ಟಿಲಿಳಿದು ಬಂದು ಕೂರೋಕಾಗಲ್ಲ. ಅದಕ್ಕೇ ಫೋನು...

ಎಲ್ಲಿ ಕೂರೋಕೆ ಅಂದ್ರೆ? ಕೆಳಗೆ. ನೀವು ಕೂತಿರೋ ವ್ಯಾನಲ್ಲಿ. ಒಳಗಿನ ದೀಪ ಆರಿಸಿ, ಬ್ಯಾಟರಿ ಹೋಗುತ್ತೆ...

ಅಡುಗೆಮನೆ ಕಿಟಕಿಯಿಂದ ಚೆನ್ನಾಗೇ ಕಾಣುತ್ತೆ. ದಿನಾ ಸಂಜೆ ನೋಡ್ತೀನಿ, ನೀವು ಬರೋದು, ಅಲ್ಲೇ ಕೂರೋದು. ನಾನೊಬ್ನೇ ಅಲ್ಲ. ಅವಳೂ ಬಂದು ಇಲ್ಲಿ ನಿಂತ್ಕೋತಾಳೆ. ನೋಡ್ತಾಳೆ, ಒಳಗೆ ಹೋಗ್ತಾಳೆ...

ಅಳು. ಪರ್ವಾಗಿಲ್ಲ. ವ್ಯಾನಿನ ಗಾಜು ಏರಿಸ್ಕೋ, ಯಾರಿಗೂ ಕೇಳಲ್ಲ...

ಮೇಲೆ ಬಾರೋ ಮಗನೇ. ಹೇಗೆ ಹಿಡ್ಕೋಬೇಕು ಅಂತ ಅವಳೇ ತೋರಿಸ್ತಾಳೆ. ಅವಳಿಗೂ ಮೊದಲು ಬರ್ತಿರ್ಲಿಲ್ಲ...

ಹಾಂ? ಕೇಳಿಸ್ತಿಲ್ಲ. ದೀಪ ಆರ್ತು... ಕತ್ತಲೆ, ಇಳಿದ್ಯೋ ಇಲ್ವೋ ಕಾಣ್ತಿಲ್ಲ ಕಣೋ...

ಹಲೋ... ದಿಂಬು ತೆಗೆದಿಡು ಅಂತ ಅವಳಿಗೆ ಹೇಳ್ಲಾ?... ಹಲೋ... ಹೇಳ್ಲಾ?...