ದೊಡ್ಡ ಸ್ಯಾಂಡರ್‌ನ ಸದ್ದು

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಇಬ್ಬರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿದ್ದವು. ಮೇಜಿನ ಮೇಲೆ ಮರ ಉಜ್ಜಿ ನುಣುಪು ಮಾಡುವ ಎರಡು ಬೆಲ್ಟ್ ಸ್ಯಾಂಡರ್ ಯಂತ್ರಗಳಿದ್ದವು, ಒಂದು ಚಿಕ್ಕದು, ಒಂದು ದೊಡ್ಡದು.

“ಚಿಕ್ಕದೇ ಸಾಕು ಕಣ್ರೀ. ಅತ್ತೆ ಬೀಳದ ಹಾಗೆ ಮಂಚಕ್ಕೆ ನೀವು ಹೊಡೆದ ಅಡ್ಡಪಟ್ಟಿ ತಾನೇ ಉಜ್ಜಬೇಕಾಗಿರೋದು?”

“ಗಟ್ಟಿ ಮರ ಕಣೆ, ಇದರಲ್ಲಿ ಉಜ್ಜಿದ್ರೆ ನನ್ನ ರಟ್ಟೆ ಬಿದ್ದುಹೋಗುತ್ತೆ. ನಿನ್ನೆನೂ ಅಮ್ಮನ ಕೈಗೆ ಸಿಬಿರು ಚುಚ್ಚಿತ್ತು.”

“ನಾನೇ ತೆಗೆದೆ. ಅತ್ತೆ ಹಾ ಅಂತಲೂ ಅನ್ನಲಿಲ್ಲ.”

“ಆಸ್ಪತ್ರೆಯಿಂದ ಬಂದ್ಮೇಲೆ ಎಲ್ಲಿ ಬಾಯಿಬಿಟ್ಟಿದ್ದಾಳೆ?”

“ದೊಡ್ಡದು ತುಂಬಾ ಸದ್ದು ಮಾಡುತ್ತಲ್ಲ?”

“ಹೂಂ. ಮೊದಲೆಲ್ಲ ಸುತ್ತಿಗೆ ಎತ್ತಿದ್ರೆ ಸಾಕು, ‘ಇದೇನು ಮನೇನೋ ಕಾರ್ಖಾನೆನೋ’ ಅಂತ ಬೈತಿದ್ಲು.”

ಹೆಂಡತಿ ಚಿಕ್ಕದನ್ನು ಪಕ್ಕಕ್ಕೆ ಸರಿಸಿದಳು.

“ದೊಡ್ಡದೇ ತಗೊಳ್ಳಿ. ಬೈದ್ರೆ ಅದೇ ನಮ್ಮ ಪುಣ್ಯ.”

ಅವನು ದುಡ್ಡು ಕೊಟ್ಟು ದೊಡ್ಡ ಸ್ಯಾಂಡರ್‌ನ ಪೆಟ್ಟಿಗೆ ಎತ್ತಿಕೊಂಡ. ಇಬ್ಬರೂ ಹೊರಗೆ ಹೋದರು.