ಟೋಪಿಯ ಒಳಪದರ

ಸ್ಕ್ಯಾನಿಂಗ್ ಕೋಣೆಯ ಹೊರಗೆ ಸರದಿಗೆ ಕಾದಿದ್ದ ಮುದುಕಿಯ ಪಕ್ಕದಲ್ಲೇ ಅಕ್ಕ ತಮ್ಮ ಇಬ್ಬರು ಕೂತಿದ್ದರು. ಅಕ್ಕನ ಕೊರಳಲ್ಲಿ ದರ್ಜಿಯ ಅಳತೆ ಟೇಪು ಹಾಗೇ ಉಳಿದಿತ್ತು. ತಮ್ಮ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ. ಲೋಹದ್ದೇನಿದ್ದರೂ ತೆಗೆದಿಡಿ ಎಂದು ನರ್ಸ್ ಆಗಷ್ಟೇ ಹೇಳಿ ಹೋಗಿದ್ದಳು.

"ಟೋಪಿ ತೆಗೆಯಲ್ಲ ಅಕ್ಕಾ. ಒಳಗೆ ಅಲ್ಯೂಮಿನಿಯಂ ಹಾಳೆ ಇರೋದಕ್ಕೇ ಅವರಿಗೆ ನನ್ನ ತಲೆಯೊಳಗೆ ಬಂದು ಬುದ್ಧಿ ತಿರುಗಿಸೋಕಾಗ್ತಿಲ್ಲ."

"ತಲೇಲಿ ಗೆಡ್ಡೆ ಬೆಳೀತಿದೆ ಕಣೋ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಕುತ್ತು ಅಂದಿದಾರೆ ಡಾಕ್ಟ್ರು."

"ಸತ್ರೂ ನನ್ನ ಬುದ್ಧಿ ನನ್ನ ಹತ್ರಾನೇ ಇರುತ್ತಲ್ಲ."

ಅಕ್ಕ ಸೋತವಳಂತೆ ನಕ್ಕಳು.

"ಹುಚ್ಚಪ್ಪಾ, ಅದರಲ್ಲಿ ಹಾಳೆ ಎಲ್ಲಿದೆ? ಹೋದ ತಿಂಗಳೇ ಹೊಲಿಗೆ ಬಿಚ್ಚಿ ತೆಗೆದು, ದಪ್ಪ ಬಟ್ಟೆ ಇಟ್ಟು ಹೊಲಿದೆ. ಏನಾಯ್ತು ಹೇಳು? ಯಾರು ಬಂದ್ರು?"

ತಮ್ಮ ಟೋಪಿಯನ್ನು ಬೆರಳಿಂದ ಒತ್ತಿ ಒತ್ತಿ ನೋಡಿಕೊಂಡ.

"ಒಂದು ತಿಂಗಳಿಂದಾನಾ?"

"ಹೂಂ. ಎಷ್ಟು ಸಮಾಧಾನವಾಗಿದ್ದೆ ನೋಡು. ಆಸ್ಪತ್ರೆಗೆ ಬರ್ತೀನಿ ಅಂತ ನೀನೇ ಒಪ್ಪಿದೆ."

"ನಾನು ಒಪ್ಪಿದ್ದಲ್ಲ ಅಕ್ಕಾ. ಅವರು ಒಪ್ಪಿಸಿದ್ದು."

ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಅವನು ಮೆಟ್ಟಿಲತ್ತ ಓಡಿದ. ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಓಡಿದಳು. ಅವಳ ಕೂಗು ಕೆಳಗಿಳಿಯುತ್ತಾ ಹೋಗುವುದು ಮುದುಕಿಗೆ ಕೇಳುತ್ತಿತ್ತು.

"ಸುಳ್ಳು ಹೇಳ್ದೆ ಕಣೋ! ಹಾಳೆ ಅಲ್ಲೇ ಇದೆ, ನಿಂತ್ಕೊಳೋ!"