ಸದ್ದಿಲ್ಲದ ಚಪ್ಪಲಿ

ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಬೆನ್ನು ಮಾಡಿದ ಬೆಂಚಿನಲ್ಲಿ, ನನ್ನ ಪಕ್ಕ ಯಾರೋ ತಾಯಿ, ಮಗಳು ಒಂದು ಚೀಟಿ ಹಿಡಿದು ಕೂತಿದ್ದರು.

“ಅಪ್ಪಂಗೆ ಹೋದ ತಿಂಗಳು ‘ಶಫಲ್’ ಅಂತ ಬರೆದಿದ್ರು. ಇವತ್ತು ‘ವಾಕ್’ ಅಂತಿದೆ.”

“ಎರಡೂ ನಡಿಯೋದೇ ತಾನೆ?”

“ಅಲ್ಲಮ್ಮ. ಶಫಲ್ ಅಂದ್ರೆ ಕಾಲು ಎಳ್ಕೊಂಡು ಹೋಗೋದು. ವಾಕ್ ಅಂದ್ರೆ ಹೆಜ್ಜೆ ಎತ್ತಿಡೋದು.”

“ಸುಮ್ನಿರೇ. ಲಕ್ವ ಹೊಡೆದಾಗಿಂದ ಸರ್ರ್ ಸರ್ರ್ ಅನ್ನೋ ಚಪ್ಪಲಿ ಸದ್ದು ಕೇಳೇ ಅಲ್ವಾ, ಮನೇಲಿ ಅವರು ಎಲ್ಲಿದಾರೆ ಅಂತ ನಾನು ತಿಳ್ಕೊಳ್ಳೋದು? ಬರ್ಲಿ, ನೀನೇ ಕೇಳು.”

ಇಬ್ಬರೂ ಕಿವಿಗೊಟ್ಟು ಕೂತರು.

“ಸದ್ದೇ ಇಲ್ಲ. ಇನ್ನೂ ಒಳಗೇ ಇದಾರೆ, ನೋಡು,” ಎಂದರು ತಾಯಿ.

“ಹೊರಡೋಣ್ವೇನೇ?”

ಬೆನ್ನ ಹಿಂದೆಯೇ ಗಂಡ ನಿಂತಿದ್ದರು. ಬೆಚ್ಚಿ ತಿರುಗಿದ ತಾಯಿ ಮುಖ ನೋಡಲಿಲ್ಲ, ಪಾದ ನೋಡಿದರು.

“ಕಳ್ಳನ ಥರ ಬರ್ತೀರಲ್ರೀ!” ಎಂದು ಬೈಯುತ್ತ, ಕಣ್ಣೊರೆಸಿಕೊಳ್ಳುತ್ತ ಅವರ ಜೊತೆ ಹೊರಟರು.